ಅಮ್ಮ, ಮಕ್ಕಳನ್ನು ಕರ್ಕೊಂಡು ಚೀನಾದ ಶಿಯಾನ್ ನೋಡೋದು ಹೇಗೆ: ನಾಲ್ಕು ದಿನದ ಪ್ಲಾನ್

ಚೀನಾಕ್ಕೆ ಮನೆಮಂದಿಯೆಲ್ಲ ಹೋಗ್ತೀವಿ ಅಂದ್ರೆ ಹೆಚ್ಚಿನವರು ಬೀಜಿಂಗ್, ಶಾಂಘೈ ಅಂತಾರೆ. ನನ್ನನ್ನು ಕೇಳಿದರೆ ಮೊದಲು ಶಿಯಾನ್ ಅಂತೀನಿ. ಹಳೆಯ ಹೆಸರು ಚಾಂಗ್‌ಆನ್. ಹಾನ್ ಮತ್ತು ತಾಂಗ್ ದೊರೆಗಳ ರಾಜಧಾನಿ ಇದೇ. ಮಣ್ಣಿನ ಸೈನಿಕರ ಊರು ಅಂದ್ರೆ ಬೇಗ ಗೊತ್ತಾಗುತ್ತದೆ. ಆದರೆ ಕನ್ನಡದವರಾದ ನಾವು ಇಲ್ಲಿಗೆ ಹೋಗಲು ಇನ್ನೊಂದು ಕಾರಣವಿದೆ. ಬಾದಾಮಿಯ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದ ಚೀನಿ ಬೌದ್ಧ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಭಾರತದಿಂದ ವಾಪಸ್ ಬಂದು ನೆಲೆಸಿದ್ದು ಈ ಊರಿನಲ್ಲಿ. ಆತನಿಗಾಗಿ ಕಟ್ಟಿದ ಗೋಪುರ ಇವತ್ತಿಗೂ ನಿಂತಿದೆ. ಅದರ ವಿಷಯಕ್ಕೆ ಆಮೇಲೆ ಬರ್ತೀನಿ.

ನಾವು ಹೋಗಿದ್ದು ಐದು ಜನ. ನಾನು, ಹೆಂಡತಿ, ಎಪ್ಪತ್ತು ದಾಟಿದ ಅಮ್ಮ, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ. ಅಮ್ಮನಿಗೆ ಮಂಡಿನೋವು, ಮೊಟ್ಟೆಯನ್ನೂ ಮುಟ್ಟದ ಊಟ. ಮಗನಿಗೆ ಹತ್ತು ನಿಮಿಷಕ್ಕಿಂತ ಜಾಸ್ತಿ ಒಂದು ಕಡೆ ನಿಲ್ಲಲು ಆಗಲ್ಲ. ಇಂಥ ಮನೆಯವರಿಗೇ ಈ ಲೇಖನ. ದಿನಕ್ಕೆ ಒಂದೇ ದೊಡ್ಡ ಜಾಗ ಇಟ್ಟುಕೊಳ್ಳಿ. ಉಳಿದ ಹೊತ್ತು ಸುಮ್ನೆ ಓಡಾಡಿ, ತಿನ್ನಿ, ಕೂತ್ಕೊಳ್ಳಿ. ಎರಡು ದಿನದಲ್ಲಿ ಎಲ್ಲ ತೋರಿಸ್ತೀವಿ ಅನ್ನೋ ಪ್ಯಾಕೇಜ್‌ಗಳಿವೆ, ನೋಡುವುದಕ್ಕಿಂತ ಬಸ್ಸಿನಲ್ಲಿ ಕೂರುವುದೇ ಅದರಲ್ಲಿ ಜಾಸ್ತಿ.

ಯಾವಾಗ ಹೋಗಬೇಕು

ಇದನ್ನು ಮೊದಲು ತೀರ್ಮಾನ ಮಾಡಿ, ಯಾಕಂದ್ರೆ ಇಲ್ಲಿ ತಪ್ಪಿದರೆ ಮುಂದಿನದೆಲ್ಲ ಕಷ್ಟ. ನಮ್ಮ ಶಾಲೆಗಳಿಗೆ ದಸರಾ ರಜೆ ಬರುವ ಹೊತ್ತಿಗೇ ಚೀನಾದಲ್ಲಿ ಅಕ್ಟೋಬರ್ 1ರಿಂದ ರಾಷ್ಟ್ರೀಯ ದಿನದ ರಜೆ ಇರುತ್ತದೆ. ಒಂದು ವಾರ ಇಡೀ ದೇಶ ಊರೂರು ಸುತ್ತುತ್ತದೆ. ಆ ವಾರ ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ. ಮೇ 1ರ ಸುತ್ತಿನ ರಜೆಯೂ ಹಾಗೆಯೇ. ಜುಲೈ, ಆಗಸ್ಟ್‌ನಲ್ಲಿ ಅವರ ಮಕ್ಕಳಿಗೆ ಬೇಸಿಗೆ ರಜೆ, ಜೊತೆಗೆ ಬಿಸಿಲು ಕಲಬುರಗಿಯನ್ನು ನೆನಪಿಸುತ್ತದೆ.

ನಮಗೆ ಸರಿಹೊಂದುವುದು ಏಪ್ರಿಲ್. ಕರ್ನಾಟಕದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ರಜೆ ಸಿಗುತ್ತದೆ. ಚೀನಾದವರ ಚಿಂಗ್‌ಮಿಂಗ್ ಹಬ್ಬದ ರಜೆ, ಅಂದರೆ ಹಿರಿಯರ ಸಮಾಧಿಗೆ ಹೋಗಿ ಬರುವ ದಿನ, ಏಪ್ರಿಲ್ ಮೊದಲ ವಾರಕ್ಕೇ ಮುಗಿದಿರುತ್ತದೆ. ಹಾಗಾಗಿ ಏಪ್ರಿಲ್ 12ರಿಂದ 27ರ ಒಳಗೆ ಹೋಗಿ ಬಂದುಬಿಡಿ. ಬೆಳಗ್ಗೆ, ಸಂಜೆ ಒಂದು ಸ್ವೆಟರ್ ಸಾಕು.

ಹೊರಡುವ ಎರಡು ತಿಂಗಳ ಮೊದಲು

ನಮಗೆ ವೀಸಾ ಬೇಕೇ ಬೇಕು. ಪ್ರವಾಸಿಗರದ್ದನ್ನು ಎಲ್ ವೀಸಾ ಅಂತಾರೆ. ಮಗು ಎಷ್ಟೇ ಚಿಕ್ಕದಾದರೂ ಅದಕ್ಕೆ ಬೇರೆ ಪಾಸ್‌ಪೋರ್ಟ್, ಬೇರೆ ಅರ್ಜಿ. ಹೋಗಿ ಬರುವ ಟಿಕೆಟ್, ಹೋಟೆಲ್ ಬುಕಿಂಗ್, ಮಕ್ಕಳ ಜನನ ಪ್ರಮಾಣಪತ್ರ ಇವನ್ನೆಲ್ಲ ಒಂದು ಫೈಲ್‌ನಲ್ಲಿ ಇಟ್ಟುಕೊಳ್ಳಿ. ಹೋಟೆಲ್ ಬುಕ್ ಮಾಡುವಾಗ ರದ್ದು ಮಾಡಿದರೆ ಹಣ ವಾಪಸ್ ಬರುವಂಥದ್ದನ್ನೇ ಆರಿಸಿ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಅರ್ಜಿ ಹಾಕುವ ವಾರ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿಯೇ ಮುಂದುವರಿಯಿರಿ.

ಬೆಂಗಳೂರಿನಿಂದ ಹೋಗುವವರು ಹಾಂಗ್‌ಕಾಂಗ್, ಸಿಂಗಾಪುರ, ಕೌಲಾಲಂಪುರ ಅಥವಾ ಬ್ಯಾಂಕಾಕ್‌ನಲ್ಲಿ ವಿಮಾನ ಬದಲಾಯಿಸಬಹುದು. ಬೀಜಿಂಗ್ ನೋಡಿಕೊಂಡು ಹೋಗುವುದಾದರೆ ಅಲ್ಲಿಂದ ರೈಲು ಚೆನ್ನ. ಸುಮಾರು 1,200 ಕಿಲೋಮೀಟರ್ ದೂರವನ್ನು ವೇಗದ ರೈಲು ನಾಲ್ಕೂವರೆಯಿಂದ ಆರು ಗಂಟೆಯಲ್ಲಿ ಮುಗಿಸುತ್ತದೆ. ಟಿಕೆಟ್ ಮಾರಾಟಕ್ಕೆ ಬರುವುದು ಪ್ರಯಾಣದ 15 ದಿನ ಮೊದಲು. ಆರು ವರ್ಷದೊಳಗಿನ ಮಗು ದೊಡ್ಡವರ ಜೊತೆ ಸೀಟಿಲ್ಲದೆ ಉಚಿತವಾಗಿ ಹೋಗಬಹುದು. ಆರರಿಂದ ಹದಿನಾಲ್ಕಕ್ಕೆ ಮಕ್ಕಳ ಟಿಕೆಟ್. ನಾವು ಐದು ವರ್ಷದ ಮಗನಿಗೂ ಸೀಟು ತೆಗೆದುಕೊಂಡೆವು, ಐದು ಗಂಟೆ ತೊಡೆಯ ಮೇಲೆ ಕೂರಿಸಿಕೊಳ್ಳುವುದು ಯಾರಿಗೂ ಆಗುವ ಮಾತಲ್ಲ. ನಿಮ್ಮ ಪಾಸ್‌ಪೋರ್ಟೇ ಟಿಕೆಟ್. ಸ್ಟೇಷನ್‌ಗೆ ಒಂದು ಗಂಟೆ ಮೊದಲೇ ಹೋಗಿ. ಬಾಗಿಲಲ್ಲಿ ಬ್ಯಾಗುಗಳ ತಪಾಸಣೆ ಇರುತ್ತದೆ. ರೈಲು ಹೊರಡುವ ಕೆಲವು ನಿಮಿಷ ಮೊದಲೇ ಗೇಟ್ ಮುಚ್ಚುತ್ತಾರೆ, ಓಡಿಬಂದರೂ ಬಿಡಲ್ಲ.

ಹಣ ಮತ್ತು ಫೋನ್: ಇದನ್ನು ಮನೆಯಲ್ಲೇ ಮುಗಿಸಿ

ಶಿಯಾನ್‌ನಲ್ಲಿ ಹುರಿದ ಕಡಲೆಕಾಯಿ ಮಾರುವವರೂ ಕ್ಯೂಆರ್ ಕೋಡ್ ಇಟ್ಟಿರುತ್ತಾರೆ. ನಮ್ಮ ಯುಪಿಐ ಅಲ್ಲಿ ನಡೆಯಲ್ಲ. ಅಲ್ಲಿ ಹಣ ಕೊಡಲು ಬಳಸುವ ಅಲಿಪೇ ಮತ್ತು ವಿಚಾಟ್ ಆ್ಯಪ್ ಎರಡನ್ನೂ ಭಾರತದಲ್ಲೇ ಹಾಕಿಕೊಂಡು, ಪಾಸ್‌ಪೋರ್ಟ್ ವಿವರ ಕೊಟ್ಟು, ನಿಮ್ಮ ಬ್ಯಾಂಕಿನ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಸೇರಿಸಿ. ಕಾರ್ಡ್‌ನಲ್ಲಿ ವಿದೇಶಿ ವಹಿವಾಟು ಆನ್ ಇದೆಯಾ ಅಂತ ಬ್ಯಾಂಕ್ ಆ್ಯಪ್‌ನಲ್ಲಿ ನೋಡಿ. 200 ಯುವಾನ್ ಒಳಗಿನ ಪಾವತಿಗೆ ಆ ಆ್ಯಪ್‌ಗಳು ಸೇವಾಶುಲ್ಕ ಹಾಕಲ್ಲ, ಅದಕ್ಕಿಂತ ಜಾಸ್ತಿಯಾದರೆ ಶೇ. 3 ಹಾಕುತ್ತವೆ. ನಾವು ಹೋದಾಗ ಒಂದು ಯುವಾನ್ ಅಂದರೆ ಹನ್ನೆರಡು ರೂಪಾಯಿ ಆಸುಪಾಸು ಇತ್ತು.

ನಾನು ಮಾಡಿದ ತಪ್ಪು ಹೇಳ್ತೀನಿ. ಕಾರ್ಡ್ ಸೇರಿಸುವ ಕೆಲಸವನ್ನು ಅಲ್ಲಿಗೆ ಹೋದ ಮೇಲೆ ಮಾಡಿದರಾಯ್ತು ಅಂತ ಬಿಟ್ಟಿದ್ದೆ. ಓಟಿಪಿ ಬರುವ ನಂಬರಿಗೆ ರೋಮಿಂಗ್ ಇರಲಿಲ್ಲ. ಮೊದಲ ಸಂಜೆ ಹಸಿದ ಮಕ್ಕಳನ್ನು ಇಟ್ಟುಕೊಂಡು ಹೋಟೆಲ್ ಲಾಬಿಯಲ್ಲಿ ಒಂದು ಗಂಟೆ ಕಳೆದೆವು. ಆದ್ದರಿಂದ ನಿಮ್ಮ ಮೊಬೈಲ್ ನಂಬರಿಗೆ ರೋಮಿಂಗ್ ಇರಲಿ. ಇದರಲ್ಲಿ ಇನ್ನೊಂದು ಅನುಕೂಲವಿದೆ. ಅಲ್ಲಿನ ವೈಫೈನಲ್ಲಿ ವಾಟ್ಸಾಪ್, ಗೂಗಲ್ ತೆರೆಯಲ್ಲ, ಆದರೆ ನಮ್ಮ ದೇಶದ ಸಿಮ್‌ನ ರೋಮಿಂಗ್ ಡೇಟಾದಲ್ಲಿ ನಡೆಯುತ್ತವೆ. ದೊಡ್ಡವರ ಕೈಯಲ್ಲಿ ತಲಾ ಇನ್ನೂರು ಯುವಾನ್ ಚಿಲ್ಲರೆ ನೋಟು ಇರಲಿ, ಜನಜಂಗುಳಿಯಲ್ಲಿ ಬೇರೆಯಾದರೆ ಬೇಕಾಗುತ್ತದೆ. ಹೋಟೆಲ್ ವಿಳಾಸವನ್ನು ಚೀನಿ ಲಿಪಿಯಲ್ಲಿ ಬರೆದ ಚೀಟಿ ಅಮ್ಮನ ಪರ್ಸಿನಲ್ಲಿ, ಮಕ್ಕಳ ಜೇಬಿನಲ್ಲಿ ಇಡಿ. ನಾವು ಇದನ್ನು ಒಂದು ದಿನವೂ ಮರೆಯಲಿಲ್ಲ.

ಊರೊಳಗೆ ಮೆಟ್ರೋ ಇದೆ, ಅಗ್ಗ, ಚೊಕ್ಕ. ಟ್ಯಾಕ್ಸಿ ಕರೆಯಲು ಅಲಿಪೇ ಒಳಗೇ ದೀದಿ ಅನ್ನೋ ಸೇವೆ ಇದೆ. ಸಾಮಾನ್ಯ ಕಾರಿನಲ್ಲಿ ನಾಲ್ಕೇ ಜನ, ಐದನೆಯವರು ಮಗುವಾದರೂ ಡ್ರೈವರ್ ಹತ್ತಿಸಿಕೊಳ್ಳಲ್ಲ. ಐದು ಜನ ಇದ್ದರೆ ಆರು ಸೀಟಿನ ಗಾಡಿಯನ್ನೇ ಕರೆಯಿರಿ.

ಉಳಿಯೋದು ಎಲ್ಲಿ

ಕೋಟೆಗೋಡೆಯ ಒಳಗೆ. ಗಂಟೆ ಗೋಪುರ ಮತ್ತು ದಕ್ಷಿಣದ ಯೊಂಗ್‌ನಿಂಗ್‌ಮನ್ ಬಾಗಿಲು, ಇವೆರಡರ ನಡುವೆ ಎಲ್ಲಾದರೂ ಸರಿ. ಎರಡೂ ಕಡೆ ಎರಡನೇ ನಂಬರಿನ ಮೆಟ್ರೋ ಲೈನ್ ಇದೆ, ಅದೇ ಲೈನ್ ಉತ್ತರದ ದೊಡ್ಡ ರೈಲ್ವೆ ಸ್ಟೇಷನ್ನಿಗೂ ಹೋಗುತ್ತದೆ. ಮಧ್ಯಾಹ್ನ ರೂಮಿಗೆ ಬಂದು ಅಮ್ಮ ಒಂದು ಗಂಟೆ ಕಾಲು ಚಾಚಿ ಮಲಗಲು ಸಾಧ್ಯವಾಗಿದ್ದು ಈ ಜಾಗದಲ್ಲಿ ಇದ್ದಿದ್ದರಿಂದಲೇ. ಸ್ವಲ್ಪ ದುಡ್ಡು ಜಾಸ್ತಿಯಾದರೂ ಇಲ್ಲಿ ಜಿಪುಣತನ ಬೇಡ.

ಊಟದ ವಿಷಯ

ಸಸ್ಯಾಹಾರಿಗಳು ಹೆದರಬೇಕಿಲ್ಲ, ಆದರೆ ತಯಾರಿ ಬೇಕು. ಶಿಯಾನ್ ಇರುವುದು ಗೋಧಿ ಬೆಳೆಯುವ ಸೀಮೆಯಲ್ಲಿ. ಅನ್ನಕ್ಕಿಂತ ರೊಟ್ಟಿ, ನೂಡಲ್ಸ್ ಜಾಸ್ತಿ. ಬ್ಯಾಂಗ್ ಬ್ಯಾಂಗ್ ಅನ್ನೋ ನೂಡಲ್ಸ್ ಬೆಲ್ಟಿನಷ್ಟು ಅಗಲ ಇರುತ್ತದೆ. ಹಿಟ್ಟಿನ ಪಟ್ಟಿಯನ್ನು ಹಲಗೆಗೆ ಬಡಿದು ಎಳೆಯುವುದನ್ನು ನೋಡಲು ಮಕ್ಕಳು ಅಂಗಡಿ ಮುಂದೆಯೇ ನಿಂತುಬಿಡುತ್ತಾರೆ. ಮೇಲೆ ಖಾರದ ಪುಡಿ, ಬೆಳ್ಳುಳ್ಳಿ ಹಾಕಿ ಕಾದ ಎಣ್ಣೆ ಸುರಿಯುವುದು ಇದೆಯಲ್ಲ, ಆ ಚುಂಯ್ ಸದ್ದು ನಮ್ಮ ಒಗ್ಗರಣೆಯದ್ದೇ. ಮಾಂಸ ಬೇಡ ಅಂತ ಹೇಳಿದರೆ ಇದನ್ನು ಹಾಗೆಯೇ ಮಾಡಿಕೊಡುತ್ತಾರೆ. ಲ್ಯಾಂಗ್‌ಪಿ ಅಂತ ತಣ್ಣನೆಯ ನೂಡಲ್ಸ್ ಸಾಮಾನ್ಯವಾಗಿ ಸೌತೆಕಾಯಿ, ವಿನೆಗರ್, ಖಾರದೆಣ್ಣೆ ಹಾಕಿದ್ದು. ಮಾಂಸ ತಿನ್ನುವವರಿಗೆ ರೋಜ್ಯಾಮೊ ಅಂದರೆ ರೊಟ್ಟಿಯೊಳಗೆ ಬೇಯಿಸಿದ ಮಾಂಸ. ಪಾವ್‌ಮೊ ಅಂದರೆ ಗಟ್ಟಿ ರೊಟ್ಟಿಯನ್ನು ನೀವೇ ಕೈಯಲ್ಲಿ ಕಡಲೆಕಾಳಿನಷ್ಟು ಚೂರು ಮಾಡಿಕೊಟ್ಟರೆ ಅದನ್ನು ಕುರಿಮಾಂಸದ ಸಾರಿನಲ್ಲಿ ಕುದಿಸಿ ತಂದುಕೊಡುವ ಊಟ. ನನ್ನ ಹೆಂಡತಿ ಇದನ್ನು ಮೂರು ಸಲ ತಿಂದಳು.

ಕಲಿಯಬೇಕಾದ ಮಾತು ಮೂರು. ನಾನು ಸಸ್ಯಾಹಾರಿ ಅನ್ನಲು "ವೊ ಛಿ ಸು". ಮಾಂಸ ಬೇಡ ಅನ್ನಲು "ಬು ಯಾವ್ ರೋ". ಖಾರ ಬೇಡ ಅನ್ನಲು "ಬು ಯಾವ್ ಲಾ". ಆದರೆ ನಮ್ಮ ಉಚ್ಚಾರಣೆ ಅವರಿಗೆ ಅರ್ಥವಾಗದೇ ಇರಬಹುದು. ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು ಯಾವುದೂ ಬೇಡ ಅಂತ ಚೀನಿಯಲ್ಲಿ ಬರೆಸಿ ಫೋನಿನಲ್ಲಿ ಫೋಟೋ ಇಟ್ಟುಕೊಳ್ಳಿ. ಸಾರಿನ ಮಾತು ಮುಖ್ಯ. ಮಾಂಸದ ತುಂಡು ತೆಗೆದುಬಿಟ್ಟರೆ ಸಾಕು ಅಂದುಕೊಳ್ಳುವವರು ಇದ್ದಾರೆ.

ಇನ್ನು ಮನೆಯಿಂದ ಏನು ಒಯ್ಯಬೇಕು? ಅವಲಕ್ಕಿ, ಚಟ್ನಿಪುಡಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪೊಟ್ಟಣ. ಹಣ್ಣು, ತರಕಾರಿ, ಹಾಲಿನ ಪದಾರ್ಥ, ಮಾಂಸ ಬೇಡ, ಕಸ್ಟಮ್ಸ್‌ನಲ್ಲಿ ಬಿಡಲ್ಲ. ಚೀನಾದಲ್ಲಿ ಬಿಸಿನೀರಿಗೆ ಬರವೇ ಇಲ್ಲ. ರೈಲಿನ ಪ್ರತಿ ಬೋಗಿಯ ತುದಿಯಲ್ಲಿ, ಸ್ಟೇಷನ್‌ನಲ್ಲಿ, ಹೋಟೆಲ್ ರೂಮಿನಲ್ಲಿ ಎಲ್ಲೆಲ್ಲೂ ಸಿಗುತ್ತದೆ. ಒಂದು ಒಳ್ಳೆ ಫ್ಲಾಸ್ಕ್, ಒಂದು ಸ್ಟೀಲ್ ಡಬ್ಬಿ ಇದ್ದರೆ ಅಮ್ಮನ ಬೆಳಗಿನ ತಿಂಡಿ ಮುಗೀತು.

ಮೊದಲ ದಿನ: ಗೋಡೆ ಹತ್ತಿ, ಸಂಜೆ ಬೀದಿ ಸುತ್ತಿ

ಗೋಡೆಯಿಂದ ಶುರು ಮಾಡಿ ಅಂತ ಹೇಳೋದು ಯಾಕಂದ್ರೆ ಅದರ ಮೇಲೆ ನಿಂತರೆ ಊರಿನ ನಕ್ಷೆ ತಲೆಯಲ್ಲಿ ಕೂರುತ್ತದೆ. 1370ರ ದಶಕದಲ್ಲಿ ಮಿಂಗ್ ದೊರೆಗಳು ಕಟ್ಟಿಸಿದ್ದು. ಸುತ್ತಳತೆ ಸುಮಾರು 13.7 ಕಿಲೋಮೀಟರ್, ಎತ್ತರ 12 ಮೀಟರ್, ಮೇಲಿನ ಅಗಲವೂ ಅಷ್ಟೇ, ಎರಡು ಬಸ್ ಪಕ್ಕಪಕ್ಕ ಹೋಗಬಹುದು. ಅಷ್ಟು ದೊಡ್ಡದಾದರೂ ಇದು ತಾಂಗ್ ಕಾಲದ ಚಾಂಗ್‌ಆನ್‌ನ ಒಂದು ತುಂಡು ಮಾತ್ರ, ಆಗಿನ ಊರು ಇದರ ಹಲವು ಪಟ್ಟು ದೊಡ್ಡದಿತ್ತು.

ದಕ್ಷಿಣ ಬಾಗಿಲಲ್ಲಿ ಹತ್ತಿ. ನಾವು ಹೋದಾಗ ಟಿಕೆಟ್ 54 ಯುವಾನ್. ಮೇಲೆ ಬಾಡಿಗೆ ಸೈಕಲ್ ಸಿಗುತ್ತದೆ, ಇಬ್ಬರು ತುಳಿಯುವ ಜೋಡಿ ಸೈಕಲ್ ಕೂಡ. ಇಡೀ ಸುತ್ತು ಹೊಡೆಯಲು ಒಂದೂವರೆ ಎರಡು ಗಂಟೆ ಬೇಕು. ಹಳೆ ಇಟ್ಟಿಗೆಯ ಮೇಲೆ ಸೈಕಲ್ ಸ್ವಲ್ಪ ಕುಲುಕುತ್ತದೆ. ಬೆನ್ನುನೋವು ಇರುವವರು, ಸಣ್ಣ ಮಕ್ಕಳು ಬ್ಯಾಟರಿ ಗಾಡಿಯಲ್ಲಿ ಹೋಗಲಿ. ನಾವು ಹಾಗೇ ಮಾಡಿದೆವು: ನಾನು, ಮಗಳು ಜೋಡಿ ಸೈಕಲ್, ಉಳಿದವರು ಗಾಡಿ. ಮಳೆ ಬಂದರೆ ಸೈಕಲ್ ಕೊಡಲ್ಲ. ಮೇಲೆ ನೆರಳಿಲ್ಲ, ಬೆಳಗ್ಗೆ ಎಂಟೂವರೆಗೇ ಹೋಗಿ, ಟೋಪಿ ಮರೀಬೇಡಿ.

ಮಧ್ಯಾಹ್ನ ರೂಮು. ಸಂಜೆ ಐದರ ಮೇಲೆ ಗಂಟೆ ಗೋಪುರ, ನಗಾರಿ ಗೋಪುರ. ನಗಾರಿಯದ್ದು 1380, ಗಂಟೆಯದ್ದು 1384. ಗಂಟೆ ಗೋಪುರ ಮೊದಲು ಬೇರೆ ಕಡೆ ಇತ್ತು, ಊರು ಬೆಳೆದ ಮೇಲೆ 1582ರಲ್ಲಿ ಈಗಿನ ಜಾಗಕ್ಕೆ ತಂದರು. ಹತ್ತುವುದು ನಿಮ್ಮಿಷ್ಟ, ದೀಪ ಹಚ್ಚಿದ ಮೇಲೆ ಹೊರಗಿನಿಂದ ನೋಡಿದರೇ ಸಾಕು ಅನ್ನೋದು ನನ್ನ ಅಭಿಪ್ರಾಯ.

ನಗಾರಿ ಗೋಪುರದ ಹಿಂದೆ ಹುಯ್ ಮುಸ್ಲಿಮರ ಬೀದಿಗಳು. ಹಂದಿಮಾಂಸ ಇಲ್ಲಿಲ್ಲ, ಕುರಿ, ದನದ ಮಾಂಸ ಇದೆ. ಪರ್ಸಿಮನ್ ಅನ್ನೋ ಹಣ್ಣಿನ ಸಿಹಿ ಕಜ್ಜಾಯ ಸಿಗುತ್ತದೆ, ಕಿತ್ತಳೆ ಬಣ್ಣದ ಆ ಹಣ್ಣನ್ನು ಹಿಟ್ಟಿಗೆ ಕಲಸಿ ಒಳಗೆ ಸಿಹಿ ತುಂಬಿ ಕರಿಯುತ್ತಾರೆ. ಮಕ್ಕಳಿಗೆ ತುಂಬ ಇಷ್ಟವಾಯಿತು. ಅಂಟಕ್ಕಿ, ಖರ್ಜೂರದಂಥ ಹಣ್ಣು ಪದರ ಪದರವಾಗಿ ಹಾಕಿ ಹಬೆಯಲ್ಲಿ ಬೇಯಿಸಿದ ಸಿಹಿಯನ್ನು ಅಮ್ಮ ಬಾಯಿ ಚಪ್ಪರಿಸಿಕೊಂಡು ತಿಂದರು. ಮುಖ್ಯ ಬೀದಿಯಲ್ಲಿ ಕಾಲಿಡಲು ಜಾಗ ಇರಲ್ಲ, ಮಗುವಿನ ಕೈ ಬಿಡಬೇಡಿ. ಪಕ್ಕದ ಓಣಿಗಳಲ್ಲಿ ತಿನ್ನುವುದೇ ಒಳ್ಳೆಯದು, ಊರಿನವರು ತಿನ್ನುವುದು ಅಲ್ಲೇ.

ಆ ಗದ್ದಲದ ನಡುವೆಯೇ ದೊಡ್ಡ ಮಸೀದಿ ಇದೆ. ಇದನ್ನು ತಪ್ಪಿಸಬೇಡಿ, ಆದರೆ ಸಂಜೆ ತಡ ಮಾಡದೆ ಮೊದಲೇ ಒಳಗೆ ಹೋಗಿಬನ್ನಿ. ಶುರುವಾಗಿದ್ದು 742ರಲ್ಲಿ ಅಂತ ನಂಬಿಕೆ, ಈಗಿರುವ ಕಟ್ಟಡಗಳು ಮಿಂಗ್ ಕಾಲದ ಮೇಲಿನವು. ಗುಮ್ಮಟವಿಲ್ಲ. ಚೀನಿ ಹೆಂಚಿನ ಮಾಡು, ಒಂದರ ಹಿಂದೆ ಒಂದು ಅಂಗಳ, ಮರದ ಕೆತ್ತನೆ, ಕಲ್ಲಿನ ಮೇಲೆ ಅರಬ್ಬಿ, ಚೀನಿ ಎರಡೂ ಬರಹ. ಪ್ರಾರ್ಥನೆಯ ಮಂಟಪಕ್ಕೆ ಬೇರೆಯವರನ್ನು ಬಿಡಲ್ಲ, ಅಂಗಳದಲ್ಲಿ ಎಷ್ಟು ಹೊತ್ತಾದರೂ ಕೂರಬಹುದು. ಬೀದಿಯ ಸದ್ದು ಒಳಗೆ ಕೇಳಿಸುವುದೇ ಇಲ್ಲ.

ಎರಡನೇ ದಿನ: ಮಣ್ಣಿನ ಸೈನಿಕರು

ಚೀನಿಯಲ್ಲಿ ಬಿಂಗ್‌ಮಾಯೊಂಗ್. ಟಿಕೆಟ್ 120 ಯುವಾನ್ ಇತ್ತು. ಪ್ರತಿಯೊಬ್ಬರ ಪಾಸ್‌ಪೋರ್ಟ್ ನಂಬರ್ ಹಾಕಿ ಮೊದಲೇ ಬುಕ್ ಮಾಡಿ. ಮಕ್ಕಳ ರಿಯಾಯಿತಿಗೂ ಪಾಸ್‌ಪೋರ್ಟ್ ಕೇಳುತ್ತಾರೆ, ಅದರ ಫೋಟೋ ಸಾಕಾಗಲ್ಲ, ಪಾಸ್‌ಪೋರ್ಟೇ ಬೇಕು.

ದಾರಿ ಹೀಗೆ. ಗಂಟೆ ಗೋಪುರದಿಂದ ಆರನೇ ಲೈನ್ ಹಿಡಿದು ಕೊನೆಯ ಸ್ಟೇಷನ್ ಫಾಂಗ್‌ಝಿಛಂಗ್, ಅಲ್ಲಿ ಒಂಬತ್ತನೇ ಲೈನ್‌ಗೆ ಬದಲಾಯಿಸಿ ಹುವಾಚಿಂಗ್‌ಛಿ, ಅಲ್ಲಿಂದ ಸಿಟಿ ಬಸ್ ಅಥವಾ ದೀದಿ. ಊರಿನಿಂದ ಮೂವತ್ತೈದು ನಲವತ್ತು ಕಿಲೋಮೀಟರ್, ಒಂದೂವರೆ ಗಂಟೆ ಹಿಡಿಯುತ್ತದೆ. ರೈಲ್ವೆ ಸ್ಟೇಷನ್ ಎದುರು, ಮೆಟ್ರೋ ಹೊರಗೆ "ಮ್ಯೂಸಿಯಂ, ಮ್ಯೂಸಿಯಂ" ಅಂತ ಕರೆಯುವ ಖಾಸಗಿ ಗಾಡಿಗಳಿಗೆ ಹತ್ತಬೇಡಿ. ಇವತ್ತು ಬಸ್ ಇಲ್ಲ ಅಂತ ಒಬ್ಬ ಹೇಳಿದ್ದನ್ನು ನಂಬಿ ನಾವು ಹತ್ತಿದೆವು. ಅವನು ಮೊದಲು ಒಂದು ಹರಳಿನ ಅಂಗಡಿ, ಆಮೇಲೆ ಬೊಂಬೆ ಮಾಡುವ ಒಂದು ಶೆಡ್ಡು ತೋರಿಸಿದ. ಅಲ್ಲೇ ಎರಡು ಗಂಟೆ ಹೋಯಿತು, ನಾವು ತಲುಪುವಾಗ ಹನ್ನೊಂದಾಗಿತ್ತು. ನಿಮಗೆ ಹಾಗಾಗದಿರಲಿ. ಏಳಕ್ಕೇ ಹೊರಡಿ, ಬಾಗಿಲು ತೆರೆಯುವ ಎಂಟೂವರೆಗೆ ಅಲ್ಲಿರಿ.

ಒಳಗೆ ಹೋಗುವ ಮೊದಲು ಮಕ್ಕಳಿಗೆ ಕಥೆ ಹೇಳಿ. ಕ್ರಿ.ಪೂ. 221ರಲ್ಲಿ ಚಿನ್ ಶಿ ಹುವಾಂಗ್ ಅನ್ನುವವನು ಬೇರೆ ಬೇರೆ ರಾಜ್ಯಗಳನ್ನು ಗೆದ್ದು ಒಂದು ಮಾಡಿ ಮೊದಲ ಚಕ್ರವರ್ತಿಯಾದ. ಸತ್ತ ಮೇಲೂ ತನ್ನನ್ನು ಕಾಯಲು ಒಂದು ಸೈನ್ಯವನ್ನೇ ಮಣ್ಣಿನಲ್ಲಿ ಮಾಡಿಸಿ ಹೂಳಿಸಿದ. ಕ್ರಿ.ಪೂ. 210ರಲ್ಲಿ ತೀರಿಕೊಂಡ. ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಅದು ಯಾರಿಗೂ ಗೊತ್ತಿರಲಿಲ್ಲ. 1974ರ ಮಾರ್ಚ್‌ನಲ್ಲಿ ಬರಗಾಲ. ಹಳ್ಳಿಯ ರೈತರು ನೀರಿಗಾಗಿ ಬಾವಿ ತೋಡುತ್ತಿದ್ದರು. ನೀರು ಸಿಗಲಿಲ್ಲ, ಮಣ್ಣಿನ ಮನುಷ್ಯರ ತುಂಡು ಸಿಕ್ಕಿತು. ಬಾವಿ ತೋಡುವ ಕಷ್ಟ ಗೊತ್ತಿರುವ ಅಮ್ಮನಿಗೆ ಈ ಭಾಗ ಎಲ್ಲಕ್ಕಿಂತ ಹಿಡಿಸಿತು. ಆ ಬಾವಿಯ ಜಾಗವನ್ನು ಒಂದನೇ ಗುಂಡಿಯಲ್ಲಿ ಗುರುತು ಹಾಕಿ ತೋರಿಸಿದ್ದಾರೆ, ಹುಡುಕಿ ನೋಡಿ.

ಮೂರು ಗುಂಡಿಗಳಿವೆ. ದೊಡ್ಡದನ್ನು ಕೊನೆಗೆ ನೋಡಿ ಅನ್ನುವವರಿದ್ದಾರೆ, ಮಕ್ಕಳಿದ್ದರೆ ನಾನು ಅದನ್ನೇ ಮೊದಲು ನೋಡಿ ಅಂತೀನಿ. ಕಾಲಲ್ಲಿ ಶಕ್ತಿ ಇರುತ್ತದೆ, ಗುಂಪುಗಳು ಬರುವ ಮೊದಲು ಮುಂದಿನ ಕಟಕಟೆ ಸಿಗುತ್ತದೆ. ಒಂದನೇ ಗುಂಡಿ 230 ಮೀಟರ್ ಉದ್ದ, 62 ಮೀಟರ್ ಅಗಲ. ಬಾಗಿಲು ದಾಟಿದ ಕೂಡಲೇ ಸಾಲು ಸಾಲಾಗಿ ನಿಂತಿರುತ್ತಾರೆ. ಅಮ್ಮ ಕಟಕಟೆ ಹಿಡಿದು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎಂಥಾ ಗೊಂಬೆ ಕೂರಿಸಿದಾರೆ ನೋಡು" ಅಂದರು.

ಮೂರೂ ಗುಂಡಿ ಸೇರಿ ಸುಮಾರು 8,000 ಸೈನಿಕರು ಅಂತ ಅಂದಾಜು, ಬಹಳಷ್ಟು ಜನ ಇನ್ನೂ ಮಣ್ಣಿನೊಳಗೇ ಇದ್ದಾರೆ. ಅಗೆದು ತೆಗೆಯದೆ ಬಿಟ್ಟಿದ್ದಕ್ಕೆ ಕಾರಣವೂ ಇದೆ. ಇವರಿಗೆಲ್ಲ ಮೊದಲು ಬಣ್ಣ ಇತ್ತು. ಹೊರಗಿನ ಒಣಗಾಳಿ ತಾಗಿದರೆ ಬಣ್ಣದ ಕೆಳಗಿನ ಅರಗಿನಂಥ ಪದರ ಕೆಲವೇ ನಿಮಿಷದಲ್ಲಿ ಮುದುರಿ ಉದುರುತ್ತದೆ. ತಲೆ, ಕೈಗಳನ್ನು ಬೇರೆ ಮಾಡಿ ಕೂಡಿಸಿದ್ದು, ಮುಖಗಳು ಒಂದರಂತೆ ಒಂದಿಲ್ಲ. ಮಕ್ಕಳಿಗೆ ಆಟ ಕೊಡಿ: ದಪ್ಪ ಮೀಸೆಯವನನ್ನು ಹುಡುಕು, ತಲೆ ಇಲ್ಲದವನನ್ನು ಹುಡುಕು, ಕುದುರೆ ಎಣಿಸು. ನನ್ನ ಮಗ ಇಪ್ಪತ್ತು ನಿಮಿಷ ಒಂದೇ ಕಡೆ ನಿಂತಿದ್ದ. ಗುಂಡಿಯ ಹಿಂಭಾಗಕ್ಕೆ ಹೋಗಲು ಮರೀಬೇಡಿ. ಅಲ್ಲಿ ಒಡೆದ ಸೈನಿಕರನ್ನು ಚೂರು ಚೂರಾಗಿ ಜೋಡಿಸುತ್ತಿರುತ್ತಾರೆ, ಕೆಲವರ ಸುತ್ತ ಪ್ಲಾಸ್ಟಿಕ್ ಸುತ್ತಿರುತ್ತದೆ, ಆಸ್ಪತ್ರೆಯ ವಾರ್ಡಿನ ಹಾಗೆ.

ಮೂರನೇ ಗುಂಡಿ ಚಿಕ್ಕದು, ಸೇನಾಪತಿಗಳ ಜಾಗ. ಎರಡನೆಯದರಲ್ಲಿ ಹೆಚ್ಚಿನದು ಇನ್ನೂ ಮುಚ್ಚಿದೆ, ಆದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟ ಮಂಡಿಯೂರಿದ ಬಿಲ್ಲುಗಾರನನ್ನು ಹತ್ತಿರದಿಂದ ನೋಡಬಹುದು. ಅವನ ಚಪ್ಪಲಿಯ ಅಡಿಯ ಹೊಲಿಗೆ ಕೂಡ ಕೆತ್ತಿದ್ದಾರೆ. ಹಿಂದಿನಿಂದ ನೋಡಿ.

ಅದೇ ಟಿಕೆಟ್‌ನಲ್ಲಿ ಚಕ್ರವರ್ತಿಯ ಸಮಾಧಿ ಇರುವ ಉದ್ಯಾನಕ್ಕೆ ಉಚಿತ ಬಸ್ ಇದೆ. ಸಮಾಧಿ ಅಂದರೆ ಮರ ಬೆಳೆದ ಗುಡ್ಡ, ಅದನ್ನು ತೆರೆದಿಲ್ಲ. ಒಳಗೆ ಪಾದರಸದ ನದಿಗಳಿವೆ ಅಂತ ಹಳೆಯ ಇತಿಹಾಸಕಾರ ಸಿಮಾ ಚಿಯೆನ್ ಬರೆದಿದ್ದಾನೆ. ಆ ಗುಡ್ಡದ ಮಣ್ಣನ್ನು ಪರೀಕ್ಷೆ ಮಾಡಿದಾಗ ಪಾದರಸ ನಿಜವಾಗಲೂ ಜಾಸ್ತಿ ಇತ್ತು. 1980ರಲ್ಲಿ ಸಿಕ್ಕ ಎರಡು ಕಂಚಿನ ರಥಗಳ ಮ್ಯೂಸಿಯಂ ಈಗ ಈ ಕಡೆ ಇದೆ. ರಥಗಳು ನಿಜವಾದ ಅಳತೆಯ ಅರ್ಧ, ಲಗಾಮಿನ ಕೊಂಡಿ ಕೂಡ ಬಿಟ್ಟಿಲ್ಲ. ಸುಸ್ತಾಗಿದ್ದರೂ ಇದನ್ನು ನೋಡಿಯೇ ಹೊರಡಿ. ವಾಪಸ್ ಬರುವಾಗ ಹುವಾಚಿಂಗ್ ಬಿಸಿನೀರಿನ ಬುಗ್ಗೆಯ ಅರಮನೆ ದಾರಿಯಲ್ಲೇ ಸಿಗುತ್ತದೆ, ಆ ಹೊತ್ತಿಗೆ ಮಕ್ಕಳು ನಿದ್ದೆಗೆ ಬಿದ್ದಿರುತ್ತಾರೆ. ನಾವು ಬಿಟ್ಟೆವು.

ಮೂರನೇ ದಿನ: ಹ್ಯೂಯೆನ್ ತ್ಸಾಂಗ್‌ನ ಗೋಪುರ

ಬೆಳಗ್ಗೆ ತಡವಾಗಿ ಏಳಿ. ಮಧ್ಯಾಹ್ನ ಮೂರಕ್ಕೆ ಹೊರಟರೆ ಸಾಕು. ಗಂಟೆ ಗೋಪುರದಿಂದ ಎರಡನೇ ಲೈನ್‌ನಲ್ಲಿ ಶ್ಯಾವ್‌ಝಾಯ್, ಅಲ್ಲಿ ಮೂರನೇ ಲೈನ್‌ಗೆ ಬದಲಾಯಿಸಿ ದಾಯೆನ್‌ತಾ. ದಾಯೆನ್‌ತಾ ಅಂದರೆ ದೊಡ್ಡ ಕಾಡುಬಾತಿನ ಗೋಪುರ.

ದಕ್ಷಿಣದ ಚೌಕದಿಂದ ಒಳಗೆ ಹೋಗಿ. ಅಲ್ಲಿ ಕೋಲು ಹಿಡಿದು ನಡೆಯುತ್ತಿರುವ ಹ್ಯೂಯೆನ್ ತ್ಸಾಂಗ್‌ನ ದೊಡ್ಡ ಕಂಚಿನ ಮೂರ್ತಿ ಇದೆ. ಶಾಲೆಯ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಓದಿ ಮುಂದೆ ಹೋದ ಹೆಸರು ಅಲ್ವಾ? ಈತ ದೊರೆಯ ಅಪ್ಪಣೆ ಇಲ್ಲದೆ ಗಡಿ ದಾಟಿ, ಮರುಭೂಮಿ, ಹಿಮದ ಬೆಟ್ಟ ದಾಟಿ ಭಾರತಕ್ಕೆ ಬಂದ. ನಳಂದದಲ್ಲಿ ಓದಿದ, ಹರ್ಷವರ್ಧನನ ಆಸ್ಥಾನದಲ್ಲಿ ಗೌರವ ಪಡೆದ, ದಕ್ಷಿಣಕ್ಕೂ ಬಂದ. ಪುಲಕೇಶಿಯ ನಾಡಿನ ಜನ ಸ್ವಾಭಿಮಾನಿಗಳು, ಉಪಕಾರ ಮಾಡಿದವರನ್ನು ಮರೆಯಲ್ಲ, ಕೆಣಕಿದವರನ್ನು ಬಿಡಲ್ಲ ಅಂತ ಬರೆದ. ಯುದ್ಧಕ್ಕೆ ಮೊದಲು ಇಲ್ಲಿ ವೀರರಿಗೂ ಆನೆಗಳಿಗೂ ಹೆಂಡ ಕುಡಿಸುತ್ತಾರೆ ಅಂತ ಬರೆದ. ಎಲ್ಲರನ್ನೂ ಗೆದ್ದ ಹರ್ಷನಿಗೆ ಈ ಜನರನ್ನು ಮಣಿಸಲು ಆಗಲಿಲ್ಲ ಅಂತಲೂ ಬರೆದ. ನಮ್ಮ ಐಹೊಳೆಯ ಮೇಗುತಿ ಗುಡಿಯ 634ರ ಶಾಸನದಲ್ಲಿ ಪುಲಕೇಶಿಯ ಕವಿ ರವಿಕೀರ್ತಿ ಹೇಳುವುದೂ ಇದನ್ನೇ. ರವಿಕೀರ್ತಿ ನಮ್ಮವನು, ಹೊಗಳುತ್ತಾನೆ ಬಿಡಿ. ಆದರೆ ಹರ್ಷನ ಅತಿಥಿಯಾಗಿದ್ದ ದೂರದೇಶದವನೂ ಅದನ್ನೇ ಹೇಳಿದ್ದಾನಲ್ಲ, ಅದು ದೊಡ್ಡ ಮಾತು. ಮಗಳಿಗೆ ಹೆಂಡ ಕುಡಿದ ಆನೆಗಳ ಕಥೆ ಹೇಳಿದ್ದು ಆ ಮೂರ್ತಿಯ ಕೆಳಗೆ ನಿಂತುಕೊಂಡೇ. ಹೋಗುವ ಮೊದಲು ಒಮ್ಮೆ ಐಹೊಳೆ, ಬಾದಾಮಿ ನೋಡಿಕೊಂಡಿದ್ದರೆ ಮಕ್ಕಳಿಗೆ ಇದು ಇನ್ನೂ ಚೆನ್ನಾಗಿ ತಾಗುತ್ತದೆ.

645ರಲ್ಲಿ ಆತ 657 ಗ್ರಂಥಗಳನ್ನು ಹೊತ್ತು ಚಾಂಗ್‌ಆನ್‌ಗೆ ಮರಳಿದ. ಅವನ್ನು ಜೋಪಾನವಾಗಿ ಇಡಲು 652ರಲ್ಲಿ ಈ ಗೋಪುರ ಎದ್ದಿತು. ಆಗ ಐದು ಅಂತಸ್ತು, ಈಗ ಏಳು, ಎತ್ತರ 64 ಮೀಟರ್. ಇಟ್ಟಿಗೆಯ ಸಾದಾ ಕಟ್ಟಡ. ನಮ್ಮ ಗುಡಿಗಳ ಕೆತ್ತನೆ ನೋಡಿದವರಿಗೆ ಮೊದಲು ಏನೂ ಅನ್ನಿಸದಿರಬಹುದು, ಸ್ವಲ್ಪ ಹೊತ್ತು ಕೂತು ನೋಡಿ. ಗೋಪುರ ಹತ್ತಲು ಬೇರೆ ಟಿಕೆಟ್. ಒಳಗೆ ಮರದ ಮೆಟ್ಟಿಲು, ಕಿರಿದು, ಕಡಿದಾದದ್ದು. ಅಮ್ಮ ಹತ್ತಲಿಲ್ಲ, ಕೆಳಗೆ ಮರದಡಿ ಕೂತು ಊದಿನಕಡ್ಡಿ ಹಚ್ಚುವವರನ್ನು ನೋಡುತ್ತಿದ್ದರು.

ಕತ್ತಲಾಗುವ ಹೊತ್ತಿಗೆ ಉತ್ತರ ಚೌಕದಲ್ಲಿ ಸಂಗೀತದ ಕಾರಂಜಿ ಇರುತ್ತದೆ, ಉಚಿತ. ಸಮಯವನ್ನು ಹೋಟೆಲ್‌ನವರ ಹತ್ತಿರ ಕೇಳಿಕೊಂಡು ಅರ್ಧ ಗಂಟೆ ಮೊದಲೇ ಜಾಗ ಹಿಡಿಯಿರಿ. ಅದು ಮುಗಿದ ಮೇಲೆ ಗೋಪುರದ ದಕ್ಷಿಣಕ್ಕಿರುವ ತಾಂಗ್ ಬೀದಿಗೆ ನಡೆದು ಹೋಗಿ. ಎಲ್ಲ ಹೊಸದಾಗಿ ಕಟ್ಟಿದ್ದು, ಆದರೆ ದೀಪ, ಹಾಡು, ವೇಷ ಮಕ್ಕಳಿಗೆ ಹಬ್ಬ. ಹಳೆಯ ಕಾಲದ ಉಡುಪು ಬಾಡಿಗೆಗೆ ಕೊಟ್ಟು ಜಡೆ ಹೆಣೆದು ಕೊಡುವ ಅಂಗಡಿಗಳು ಸುತ್ತಮುತ್ತ ಬೇಕಾದಷ್ಟಿವೆ. ಮಗಳಿಗೆ ಹಾಕಿಸಿದೆವು. ಕೂದಲು ಕಟ್ಟಲು ಒಂದು ಗಂಟೆ ಬೇಕು, ಅದನ್ನು ಕಾರಂಜಿಗೆ ಮೊದಲೇ ಮುಗಿಸಿ.

ನಾಲ್ಕನೇ ದಿನ: ಉಳಿದದ್ದು

ಶಾನ್‌ಷಿ ಅಂದರೆ ಶಿಯಾನ್ ಇರುವ ಪ್ರಾಂತ್ಯ, ಅದರ ಇತಿಹಾಸ ಮ್ಯೂಸಿಯಂ ಬಹಳ ಚೆನ್ನಾಗಿದೆ, ಆದರೆ ಕೆಲವು ದಿನ ಮೊದಲೇ ಬುಕ್ ಮಾಡದಿದ್ದರೆ ಸಿಗಲ್ಲ. ನಮಗೆ ಸಿಗಲಿಲ್ಲ. ಬದಲಿಗೆ ಚಿಕ್ಕ ಕಾಡುಬಾತಿನ ಗೋಪುರಕ್ಕೆ ಹೋದೆವು, ಪಕ್ಕದಲ್ಲೇ ಶಿಯಾನ್ ಮ್ಯೂಸಿಯಂ ಇದೆ. 707ರಿಂದ 709ರ ನಡುವೆ ಕಟ್ಟಿದ ಗೋಪುರ, ಮೊದಲು 15 ಅಂತಸ್ತು, 1556ರ ಭಯಂಕರ ಭೂಕಂಪದಲ್ಲಿ ತುದಿ ಬಿದ್ದು ಈಗ 13 ಉಳಿದಿವೆ. ಜನ ಕಡಿಮೆ, ಹಳೆಯ ಮರಗಳು, ಹುಲ್ಲು. ಮಕ್ಕಳು ಓಡಿದರು, ನಾವು ಕೂತೆವು. ಓದುವ ಹುಚ್ಚಿರುವವರು ದಕ್ಷಿಣ ಬಾಗಿಲ ಹತ್ತಿರದ ಶಿಲಾಶಾಸನಗಳ ಮ್ಯೂಸಿಯಂಗೂ ಹೋಗಿ. 1087ರಿಂದ ಕೂಡಿಟ್ಟ ಕಲ್ಲುಗಳು ಅಲ್ಲಿವೆ.

ಸಣ್ಣಪುಟ್ಟ ಮಾತು ಇಲ್ಲೇ ಹೇಳಿಬಿಡ್ತೀನಿ. ಶೌಚಾಲಯಗಳು ನಮ್ಮ ಥರದವೇ, ನೀರಿನ ನಲ್ಲಿ ಇರಲ್ಲ, ಟಿಶ್ಯೂ ಸದಾ ಕೈಯಲ್ಲಿರಲಿ. ನಮ್ಮ ಮೂರು ಕಡ್ಡಿಯ ಪ್ಲಗ್ ಅಲ್ಲಿ ಹೋಗಲ್ಲ, ಅಡಾಪ್ಟರ್ ಒಯ್ಯಿರಿ. ಬೆಲೆಯನ್ನು ಒಂದೇ ಕೈಯಲ್ಲಿ ತೋರಿಸುತ್ತಾರೆ: ಹೆಬ್ಬೆರಳು, ಕಿರುಬೆರಳು ಚಾಚಿದರೆ ಆರು, ಹೆಬ್ಬೆರಳು, ತೋರುಬೆರಳು ಚಾಚಿದರೆ ಎಂಟು. ಚೀನಾದೊಳಗೆ ವಿಮಾನ ಹತ್ತುವುದಾದರೆ ಪವರ್‌ಬ್ಯಾಂಕ್ ಮೇಲೆ ಅವರ ಸುರಕ್ಷತೆಯ 3ಸಿ ಗುರುತು ಇರಲೇಬೇಕು, 2025ರ ಜೂನ್ 28ರಿಂದ ಈ ನಿಯಮ ಬಂದಿದೆ. ಗುರುತಿಲ್ಲದಿದ್ದರೆ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ.

ಕೊನೆಗೆ ಕೊಳ್ಳುವುದು. ರೇಷ್ಮೆ, ಹರಳು ಬೇಡ, ನೋಡಿ ಗುರುತಿಸಲು ನಮಗೆ ಬರಲ್ಲ. ಗೇಣುದ್ದದ ಮಣ್ಣಿನ ಸೈನಿಕರು ಸಿಗುತ್ತಾರೆ. ಮ್ಯೂಸಿಯಂ ಬಾಗಿಲಲ್ಲಿ ಹೇಳುವ ಬೆಲೆ ಊರೊಳಗಿನದಕ್ಕಿಂತ ಜಾಸ್ತಿ. ಅಮ್ಮ ನಗಾರಿ ಗೋಪುರದ ಹಿಂದಿನ ಓಣಿಯಲ್ಲಿ ಐದನ್ನು ಆರಿಸಿದರು: ಒಬ್ಬ ಸೇನಾಪತಿ, ಮೂವರು ಸೈನಿಕರು, ಒಬ್ಬ ಮಂಡಿಯೂರಿದ ಬಿಲ್ಲುಗಾರ. ಒಂದೊಂದನ್ನೂ ದಪ್ಪ ಕಾಲುಚೀಲದೊಳಗೆ ಇಳಿಸಿ, ಕುತ್ತಿಗೆಯ ಹತ್ತಿರ ಟಿಶ್ಯೂ ತುರುಕಿ, ಖಾಲಿಯಾದ ಅವಲಕ್ಕಿ ಡಬ್ಬಿಯಲ್ಲಿ ಮಲಗಿಸಿ, ಡಬ್ಬಿಯನ್ನು ಕೈಚೀಲದಲ್ಲಿಟ್ಟುಕೊಂಡು ಬಂದೆವು. ಒಂದಕ್ಕೂ ಏಟಾಗಲಿಲ್ಲ. ಆ ವರ್ಷ ದಸರಾಕ್ಕೆ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಐವರೂ ಸಾಲಾಗಿ ನಿಂತಿದ್ದರು.